ಮೊದಲು ಪತ್ತೆಯಾದವಳೇ ಅಪರಾಧಿಯೆ?

ಎಚ್‌ಐವಿ ಸೋಂಕಿನ ಸುದ್ದಿ ಮನೆಗೆ ಬಂದಾಗ ಸೊಸೆಯತ್ತ ಬೆರಳು ತೋರಿಸುವ ಕುಟುಂಬಗಳು ನಮ್ಮಲ್ಲಿ ಕಡಿಮೆಯಿಲ್ಲ. ಬಸಿರಾದ ಹೆಣ್ಣಿಗೆ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ನಡೆಯುತ್ತದೆ, ಗಂಡನಿಗೆ ನಡೆದಿರುವುದಿಲ್ಲ. ಹಾಗಾಗಿ ಸೋಂಕು ಮೊದಲು ಗೊತ್ತಾಗುವುದು ಅವಳಲ್ಲಿ. ಮೊದಲು ಗೊತ್ತಾದದ್ದು ಅವಳಲ್ಲಿ ಎಂದ ಮೇಲೆ ತಂದವಳೂ ಅವಳೇ ಎಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ! ಈ ವಿಚಿತ್ರ ತರ್ಕಕ್ಕೆ ಒಂದು ಇತಿಹಾಸವಿದೆ.

1986ರಲ್ಲಿ ಮದ್ರಾಸಿನ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಸೆಲ್ಲಪ್ಪನ್ ನಿರ್ಮಲಾ ಎಂಬ ವಿದ್ಯಾರ್ಥಿನಿ ಲೈಂಗಿಕ ವೃತ್ತಿಯ ಮಹಿಳೆಯರ ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. ಭಾರತದಲ್ಲಿ ಎಚ್‌ಐವಿ ಪತ್ತೆಯಾದದ್ದು ಹೀಗೆ. ವೈದ್ಯಕೀಯ ದೃಷ್ಟಿಯಿಂದ ಅದು ದೊಡ್ಡ ಸಾಧನೆ. ಆದರೆ ಹುಡುಕಿದ್ದು ಆ ಮಹಿಳೆಯರಲ್ಲಿ, ಆದ್ದರಿಂದ ಸಿಕ್ಕಿದ್ದೂ ಅವರಲ್ಲಿ. ಅವರಿಗೆ ಸೋಂಕು ದಾಟಿಸಿದ ಗಂಡಸರು ಲೆಕ್ಕಕ್ಕೇ ಬರಲಿಲ್ಲ. ಏಡ್ಸ್ ಎಂದರೆ ‘ಕೆಟ್ಟ ಹೆಂಗಸರ ರೋಗ’ ಎಂಬ ಹಣೆಪಟ್ಟಿ ಅಂಟಿಕೊಂಡಿತು. ತಮಿಳುನಾಡಿನಲ್ಲಿ ಸೋಂಕಿತ ಮಹಿಳೆಯರನ್ನು ಬಂಧನದಲ್ಲಿಡಲಾಯಿತು. ಪತ್ರಕರ್ತೆ ಶ್ಯಾಮಲಾ ನಟರಾಜ್ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, 1990ರಲ್ಲಿ ಅವರಿಗೆ ಬಿಡುಗಡೆ ದೊರೆಯಿತು. ಲೇಖನಿಯಿಂದ ಒಳಿತೂ ಆಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಸೋಂಕಿನ ಪ್ರಮಾಣ ಹೆಚ್ಚಿದ್ದ ದೇಶದ ಆರು ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಸೇರಿತು. ನಮ್ಮ ಮಾಧ್ಯಮಗಳ ಕಣ್ಣು ಹೆಚ್ಚಾಗಿ ಬಿದ್ದದ್ದು ಬೆಳಗಾವಿ, ಬಾಗಲಕೋಟೆಗಳ ದೇವದಾಸಿಯರ ಮೇಲೆ, ಹೆದ್ದಾರಿಯ ಲಾರಿ ಚಾಲಕರ ಮೇಲೆ. ಬೆಂಗಳೂರಿನ ಪದ್ಮನಾಭನಗರದಂಥ ಬಡಾವಣೆಯಲ್ಲಿ ಬೆಳಗ್ಗೆ ಪತ್ರಿಕೆ ಓದುವ ಗೃಹಿಣಿಗೆ ಅದರಿಂದ ಸಿಕ್ಕ ಸಂದೇಶವೇನು? ಇದು ನಮ್ಮಂಥವರ ಮನೆಯ ವಿಷಯವಲ್ಲ ಎಂಬ ಸುಳ್ಳು ನೆಮ್ಮದಿ. 2021ರ ಸರಕಾರಿ ಅಂದಾಜಿನಂತೆ ದೇಶದಲ್ಲಿ ಸುಮಾರು 24 ಲಕ್ಷ ಸೋಂಕಿತರಿದ್ದರು. ಅವರಲ್ಲಿ ಶೇ. 45ರ ಆಸುಪಾಸು ಮಹಿಳೆಯರು. ಆ ಮಹಿಳೆಯರಲ್ಲಿ ಬಹುಮಂದಿಗೆ ಸೋಂಕು ತಗುಲಿದ್ದು ಕಟ್ಟಿಕೊಂಡ ಗಂಡನಿಂದಲೇ.

2007ರ ಎಪ್ರಿಲ್‌ನ ಘಟನೆಯನ್ನೂ ನೆನೆಯಬೇಕು. ದಿಲ್ಲಿಯಲ್ಲಿ ಲಾರಿ ಚಾಲಕರಿಗಾಗಿ ನಡೆದ ಏಡ್ಸ್ ಜಾಗೃತಿ ಸಭೆಯಲ್ಲಿ ಹಾಲಿವುಡ್ ನಟ ರಿಚರ್ಡ್ ಗೇರ್, ಮಂಗಳೂರು ಮೂಲದ ನಟಿ ಶಿಲ್ಪಾ ಶೆಟ್ಟಿಯವರಿಗೆ ವೇದಿಕೆಯಲ್ಲೇ ಮುತ್ತಿಟ್ಟರು. ಆ ದೃಶ್ಯವನ್ನು ಟಿ.ವಿ. ವಾಹಿನಿಗಳು ಮತ್ತೆ ಮತ್ತೆ ತೋರಿಸಿದವು, ಬೀದಿಗಳಲ್ಲಿ ಪ್ರತಿಕೃತಿಗಳು ಉರಿದವು. ಏಡ್ಸ್ ಮರೆತೇಹೋಯಿತು, ಹೆಣ್ಣಿನ ಮಾನವೇ ಚರ್ಚೆಯಾಯಿತು. ಅಶ್ಲೀಲತೆಯ ಆರೋಪ ಶಿಲ್ಪಾರ ಮೇಲೂ ಬಂತು. ಅವರು ಇಲ್ಲಿ ಸಂತ್ರಸ್ತೆಯೇ ಎಂದು ಮುಂಬೈ ನ್ಯಾಯಾಲಯ ಹೇಳಿ ಅವರನ್ನು ಪ್ರಕರಣದಿಂದ ಕೈಬಿಡಲು 2022 ಬರಬೇಕಾಯಿತು. ಅದೇ 2007ರ ಜುಲೈಯಲ್ಲಿ, 50 ಲಕ್ಷ ಮೀರಿತ್ತೆಂದು ಹೇಳಲಾಗಿದ್ದ ದೇಶದ ಸೋಂಕಿತರ ಸಂಖ್ಯೆ ಸುಮಾರು 25 ಲಕ್ಷವಷ್ಟೇ ಎಂದು ಪರಿಷ್ಕೃತ ಅಂದಾಜು ಹೊರಬಿತ್ತು. ಮುತ್ತಿನಷ್ಟು ಈ ಲೆಕ್ಕ ಯಾರಿಗೆ ನೆನಪಿದೆ?

ಸೋಂಕಿತರ ವಿರುದ್ಧ ದ್ವೇಷ ಹರಡುವ ಪ್ರಕಟಣೆಯನ್ನು 2017ರ ಎಚ್‌ಐವಿ ಕಾಯ್ದೆ ನಿಷೇಧಿಸಿದೆ. 2018ರ ಸೆಪ್ಟೆಂಬರ್‌ನಿಂದ ಅದು ಜಾರಿಯಲ್ಲಿದೆ. ಆದರೆ ಅಡುಗೆಮನೆಯ ಪಿಸುಮಾತಿಗೆ ಕಾಯ್ದೆ ಅನ್ವಯಿಸದು. ಸಾಕ್ಷಿಯಿಲ್ಲದೆ ಹೆಣ್ಣಿನ ಶೀಲದ ಮೇಲೆ ಆರೋಪ ಹೊರಿಸುವುದನ್ನು ಕುರ್‌ಆನ್‌ನ ಅನ್ನೂರ್ ಅಧ್ಯಾಯ ಘೋರ ಅಪರಾಧವೆಂದು ಪರಿಗಣಿಸಿ ಶಿಕ್ಷೆಯನ್ನೂ ವಿಧಿಸಿದೆ. ಆ ಎಚ್ಚರಿಕೆ ಪತ್ರಿಕೆಯವರಿಗೂ ಸಲ್ಲುತ್ತದೆ, ಅತ್ತೆ ಮಾವಂದಿರಿಗೂ ಸಲ್ಲುತ್ತದೆ. ಸೊಸೆಯ ರಕ್ತಪರೀಕ್ಷೆಯ ವರದಿ ಕೈಗೆ ಬಂದಾಗ ಮೊದಲು ಮಾಡಬೇಕಾದ ಕೆಲಸ ಒಂದೇ: ಮಗನನ್ನೂ ಪರೀಕ್ಷೆಗೆ ಕರೆದೊಯ್ಯುವುದು, ಇಬ್ಬರಿಗೂ ಚಿಕಿತ್ಸೆ ಕೊಡಿಸುವುದು.