ಪದ ಪರಿಚಯ: ತಾಲೀಮು

ತಾಲೀಮು: ಮುಂದೆ ಮಾಡಬೇಕಾದ ಕೆಲಸವನ್ನು ಮೊದಲೇ ಮಾಡಿ ನೋಡುವ ಅಭ್ಯಾಸ.

ಮೂಲ ಅರಬ್ಬಿಯ ‘ತಅಲೀಮ್’, ಎಂದರೆ ಕಲಿಸುವುದು. ಜ್ಞಾನ ಎಂಬ ಅರ್ಥದ ‘ಇಲ್ಮ್’ ಇದರ ಒಡಹುಟ್ಟು. ಹಿಂದಿ, ಉರ್ದುಗಳಲ್ಲಿ ಇಂದಿಗೂ ಇದು ಶಿಕ್ಷಣವೇ. 1937ರಲ್ಲಿ ಗಾಂಧೀಜಿ ಮುಂದಿಟ್ಟ ಶಿಕ್ಷಣ ಪದ್ಧತಿ ‘ನಯೀ ತಾಲೀಮ್’ ನೆನೆಯಿರಿ. ಮರಾಠಿಯಲ್ಲಿ ಗರಡಿಮನೆಯೇ ತಾಲೀಮು. ಕನ್ನಡದಲ್ಲಿ ಪೈಲ್ವಾನರಿಗೂ, ನಾಟಕದವರಿಗೂ, ಮೈಸೂರು ದಸರಾ ಆನೆಗಳಿಗೂ ಈ ಪದ ಸಲ್ಲುತ್ತದೆ. ಅಂಬಾರಿ ಹೊರುವ ಆನೆ ಮೊದಲು ಮರಳಿನ ಮೂಟೆ, ನಂತರ ಮರದ ಅಂಬಾರಿ ಹೊತ್ತು ನಡೆಯುತ್ತದೆ. ಕುಶಾಲತೋಪಿನ ಸದ್ದಿಗೂ ಒಗ್ಗಿಕೊಳ್ಳುತ್ತದೆ.

ಆಸ್ಪತ್ರೆಗಳ ಅಣಕು ಚಿಕಿತ್ಸೆಗೆ, ಅಂದರೆ ‘ಸಿಮ್ಯುಲೇಷನ್’ಗೂ ಈ ಪದ ಸಲೀಸಾಗಿ ಒಪ್ಪುತ್ತದೆ. ಅಪಘಾತದ ಗಾಯಾಳುವಿನ ಬದಲು ಮಂಚದ ಮೇಲೆ ಗೊಂಬೆ. ಒಬ್ಬರು ಮುಂದಾಳು, ಒಬ್ಬರು ಉಸಿರಾಟ ನೋಡುವವರು, ಒಬ್ಬರು ರಕ್ತಸ್ರಾವ ತಡೆಯುವವರು, ಒಬ್ಬರು ಬರೆದುಕೊಳ್ಳುವವರು. ‘ರಕ್ತ ತರಿಸಿ’ ಎಂದು ಸುಮ್ಮನೆ ಕೂಗಿದರೆ ಸಾಲದು. ಹೆಸರು ಹಿಡಿದು ಹೇಳಬೇಕು, ಕೇಳಿದವರು ಅದನ್ನೇ ಮರಳಿ ಹೇಳಬೇಕು, ಕೆಲಸ ಮುಗಿದಾಗ ತಿಳಿಸಬೇಕು. ಕೊನೆಗೆ ಎಲ್ಲರೂ ಕೂತು, ಎಲ್ಲಿ ತಡವಾಯಿತು, ಏಕೆ ತಡವಾಯಿತು ಎಂದು ಬಿಚ್ಚಿ ಮಾತಾಡುತ್ತಾರೆ. ನಿಜವಾದ ಕಲಿಕೆ ನಡೆಯುವುದು ಅಲ್ಲೇ.

ಇಂಥ ತಾಲೀಮು ಹೆಚ್ಚು ಬೇಕಾದ ಊರುಗಳೂ ಇವೆ. ವಿಜಯವಾಡ, ವಿಶಾಖಪಟ್ಟಣಗಳಲ್ಲಿನ ವಾಹನ ದುರಸ್ತಿಯ ಬಡಾವಣೆ ಆಟೋನಗರ್‌ನಂಥ ಕಡೆ ಲಾರಿ, ವೆಲ್ಡಿಂಗು, ಹೆದ್ದಾರಿ ಒಟ್ಟಿಗಿರುತ್ತವೆ. ಗಾಯದ ಭಯ ನಿತ್ಯದ್ದು. ಅಂಥ ಊರುಗಳ ಸುತ್ತಲಿನ ಪ್ರತಿ ಆಸ್ಪತ್ರೆಯೂ ಈ ತಾಲೀಮನ್ನು ಪಾಳಿಯ ಕೆಲಸದಂತೆಯೇ ಕಡ್ಡಾಯ ಮಾಡಿಕೊಳ್ಳಲಿ.