ಸೇರಿಸುವುದು ಸುಲಭ, ಬಿಡಿಸುವುದು ಕಷ್ಟ: ಡ್ರೈವರ್‌ಗಳ ಇತಿಹಾಸ

ಗಣಕಕ್ಕೆ ಪೆನ್ ಡ್ರೈವ್ ಸಿಕ್ಕಿಸಿದೊಡನೆ ಅದರ ಚಿಹ್ನೆ ಪರದೆಯ ಮೇಲೆ ಮೂಡುವುದನ್ನು ನೀವು ನೋಡಿದ್ದೀರಿ. ಅದನ್ನು ಕಿತ್ತಾಗ ಒಳಗೆ ಏನು ನಡೆಯುತ್ತದೆ ಎಂದು ಯೋಚಿಸಿದ್ದೀರಾ? ಆಪರೇಟಿಂಗ್ ಸಿಸ್ಟಂನ ತಿರುಳು ಭಾಗಕ್ಕೆ ಕರ್ನೆಲ್ ಎಂದು ಹೆಸರು. ಒಂದೊಂದು ಬಗೆಯ ಸಾಧನದೊಡನೆ ವ್ಯವಹರಿಸಲು ಕರ್ನೆಲ್ ಬಳಸುವ ತಂತ್ರಾಂಶವೇ ಡ್ರೈವರ್. ಸಾಧನ ಬಂದಾಗ ಡ್ರೈವರ್ ಒಂದಿಷ್ಟು ಸ್ಮೃತಿಯನ್ನು ಪಡೆಯುತ್ತದೆ, ಸಾಧನ ಕರೆದಾಗ ಓಗೊಡಲು ಇಂಟರಪ್ಟ್ ಎಂಬ ಕರೆಗಂಟೆಯನ್ನು ಕಾದಿರಿಸುತ್ತದೆ, ಕೊನೆಗೆ ಸಾಧನದ ಹೆಸರನ್ನು ಕರ್ನೆಲ್‌ನಲ್ಲಿ ನೋಂದಾಯಿಸುತ್ತದೆ. ಸಾಧನ ಹೋದಾಗ ಇವೆಲ್ಲವನ್ನೂ ಹಿಂದಿರುಗಿಸಬೇಕು.

ಮೊದಮೊದಲು ಈ ಸಮಸ್ಯೆ ಅಷ್ಟಾಗಿ ಕಾಡಲಿಲ್ಲ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ರಚನೆಗೆ ತೊಡಗಿದರು. ಆರಂಭದ ಯುನಿಕ್ಸ್‌ಗಳಲ್ಲಿ ಡ್ರೈವರ್‌ಗಳು ಕರ್ನೆಲ್‌ನೊಂದಿಗೇ ಬೆಸೆದುಕೊಂಡಿರುತ್ತಿದ್ದವು. ಹೊಸ ಡ್ರೈವರ್ ಬೇಕಾದರೆ ಕರ್ನೆಲ್ಲನ್ನೇ ಮತ್ತೆ ಕಟ್ಟಿ, ಗಣಕವನ್ನು ಹೊಸದಾಗಿ ಚಾಲೂ ಮಾಡಬೇಕಿತ್ತು. ವಿದ್ಯುತ್ ನಿಲ್ಲಿಸಿದರೆ ಎಲ್ಲವೂ ತಾನಾಗಿ ತೆರವಾಗುತ್ತಿತ್ತು.

1990ರ ದಶಕದಲ್ಲಿ ಪರಿಸ್ಥಿತಿ ಬದಲಾಯಿತು. ಚಾಲನೆಯಲ್ಲಿರುವ ಲಿನಕ್ಸ್ ಕರ್ನೆಲ್‌ಗೆ ಡ್ರೈವರ್‌ಗಳನ್ನು ಸೇರಿಸುವ, ತೆಗೆಯುವ ಸೌಲಭ್ಯ ಬಂತು. 1996ರಲ್ಲಿ ಯುಎಸ್‌ಬಿ ಮಾನಕ ಪ್ರಕಟವಾಯಿತು. ಸಾಧನಗಳು ಯಾವ ಗಳಿಗೆಯಲ್ಲಾದರೂ ಬರಬಹುದು, ಹೋಗಬಹುದು ಎಂದಾಯಿತು. 1998ರ ಏಪ್ರಿಲ್‌ನಲ್ಲಿ ಷಿಕಾಗೋದ ಕಾಮ್‌ಡೆಕ್ಸ್ ಪ್ರದರ್ಶನದಲ್ಲಿ, ಬಿಡುಗಡೆಗೆ ಸಿದ್ಧವಾಗುತ್ತಿದ್ದ ವಿಂಡೋಸ್ 98 ಗಣಕಕ್ಕೆ ಸ್ಕ್ಯಾನರ್ ಜೋಡಿಸಿದಾಗ ಬಿಲ್ ಗೇಟ್ಸ್ ಅವರ ಎದುರಿನಲ್ಲೇ ಪರದೆ ನೀಲಿಯಾಗಿ ವ್ಯವಸ್ಥೆ ಕುಸಿಯಿತು. 2001ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಲಿನಕ್ಸ್ ಮತ್ತು ಓಪನ್‌ಬಿಎಸ್‌ಡಿ ಕರ್ನೆಲ್‌ಗಳನ್ನು ಪರಿಶೀಲಿಸಿದರು. ಉಳಿದ ಭಾಗಗಳಿಗಿಂತ ಡ್ರೈವರ್‌ಗಳಲ್ಲಿ ದೋಷಗಳ ದರ 3ರಿಂದ 7 ಪಟ್ಟಿನವರೆಗೂ ಹೆಚ್ಚೆಂದು ಅವರು ಕಂಡರು.

ಇಷ್ಟೊಂದು ದೋಷಗಳೇಕೆ? ಪ್ರಯೋಗಶಾಲೆಯಲ್ಲಿ ವಿದ್ಯುನ್ಮಂಡಲ ಕಟ್ಟುವುದನ್ನು ನೆನಪಿಸಿಕೊಳ್ಳಿ. ಬ್ಯಾಟರಿಯನ್ನು ಕೊನೆಯಲ್ಲಿ ಜೋಡಿಸುತ್ತೇವೆ. ಬಿಚ್ಚುವಾಗ ಮೊದಲು ಅದನ್ನೇ ತೆಗೆಯುತ್ತೇವೆ. ಡ್ರೈವರ್‌ಗೂ ಇದೇ ನಿಯಮ. ಇಂಟರಪ್ಟ್ ರದ್ದುಮಾಡುವ ಮೊದಲೇ ಸ್ಮೃತಿಯನ್ನು ಹಿಂದಿರುಗಿಸಿದರೆ, ಗಂಟೆ ಬಾರಿಸಿದಾಗ ಡ್ರೈವರ್ ತನ್ನದಲ್ಲದ ಸ್ಮೃತಿಗೆ ಕೈಹಾಕುತ್ತದೆ. ಐದು ಹೆಜ್ಜೆಗಳಲ್ಲಿ ನಾಲ್ಕನೆಯದು ವಿಫಲವಾದರೆ ಹಿಂದಿನ ಮೂರನ್ನಷ್ಟೇ, ಅದೂ ಹಿಮ್ಮುಖ ಕ್ರಮದಲ್ಲಿ, ರದ್ದುಮಾಡಬೇಕು. ಇಂಥ ವೈಫಲ್ಯ ಅಪರೂಪ. ಆದ್ದರಿಂದ ಅಲ್ಲಿನ ಸಂಕೇತ ಪರೀಕ್ಷೆಗೆ ಒಳಗಾಗುವುದೂ ಅಪರೂಪ. ತಪ್ಪುಗಳು ವರ್ಷಗಟ್ಟಲೆ ಅಡಗಿ ಕೂರುತ್ತವೆ.

2003ರ ಡಿಸೆಂಬರ್‌ನಲ್ಲಿ ಬಂದ ಲಿನಕ್ಸ್ 2.6 ಎಲ್ಲ ಸಾಧನಗಳಿಗೂ ಒಂದು ಸಮಾನ ಮಾದರಿಯನ್ನು ಒದಗಿಸಿತು. ಪ್ರತಿ ಸಾಧನದ ದಾಖಲೆಗೂ ಒಂದು ಎಣಿಕೆ ಇರುತ್ತದೆ. ಬಳಸುವವರು ಬಂದಂತೆ ಅದು ಏರುತ್ತದೆ, ಹೋದಂತೆ ಇಳಿಯುತ್ತದೆ. ಸೊನ್ನೆಯಾದಾಗ ದಾಖಲೆ ಅಳಿಯುತ್ತದೆ. ಈ ಉಪಾಯ ಹೊಸದೇನಲ್ಲ. 1960ರಲ್ಲಿಯೇ ಜಾರ್ಜ್ ಕಾಲಿನ್ಸ್ ಇದನ್ನು ದತ್ತಾಂಶದ ಪಟ್ಟಿಗಳಿಗಾಗಿ ಸೂಚಿಸಿದ್ದರು.

2007ರ ಲಿನಕ್ಸ್ 2.6.21ರಲ್ಲಿ ತೇಜುನ್ ಹಿಯೋ ರೂಪಿಸಿದ ‘ಡೆವ್‌ರೆಸ್’ ಸೇರಿತು. ಡಿಸ್ಕ್ ಡ್ರೈವರ್‌ಗಳನ್ನು ಸುಧಾರಿಸುವ ಕೆಲಸದಲ್ಲಿ ಹುಟ್ಟಿದ ವಿಧಾನವಿದು. ಡ್ರೈವರ್ ಪಡೆದದ್ದೆಲ್ಲ ಆ ಸಾಧನದ ಪಟ್ಟಿಯಲ್ಲಿ ದಾಖಲಾಗುತ್ತದೆ. ಆರಂಭ ವಿಫಲವಾದರೂ, ಸಾಧನ ಹೊರಟುಹೋದರೂ, ಕರ್ನೆಲ್ ತಾನೇ ಪಟ್ಟಿಯನ್ನು ಕೊನೆಯಿಂದ ಓದುತ್ತಾ ಒಂದೊಂದನ್ನೂ ಹಿಂದಿರುಗಿಸುತ್ತದೆ. ಡ್ರೈವರ್ ಬರೆಯುವವರ ಹೊರೆ ಬಹಳಷ್ಟು ಇಳಿಯಿತು.

ಇಲ್ಲಿಗೆ ಕಥೆ ಮುಗಿಯಿತೆನ್ನುವಿರಾ? ಒಂದು ಪ್ರೋಗ್ರಾಂ ಕ್ಯಾಮೆರಾವನ್ನು ತೆರೆದು ಚಿತ್ರ ಪಡೆಯುತ್ತಿರುವಾಗ ಯಾರೋ ತಂತಿ ಕಿತ್ತರೆನ್ನಿ. ಸಾಧನ ಹೋಯಿತು, ಡೆವ್‌ರೆಸ್ ಸ್ಮೃತಿಯನ್ನು ಹಿಂದಿರುಗಿಸಿತು. ಆದರೆ ಪ್ರೋಗ್ರಾಂ ಕ್ಯಾಮೆರಾವನ್ನು ಇನ್ನೂ ಮುಚ್ಚಿಲ್ಲ. ಅದು ಮುಚ್ಚಲು ಹೊರಟಾಗ ಡ್ರೈವರ್ ಹುಡುಕುವ ಸ್ಮೃತಿ ಆಗಲೇ ಬೇರೆಯವರ ಪಾಲಾಗಿರಬಹುದು. ಇದರಿಂದ ವ್ಯವಸ್ಥೆ ಕುಸಿಯಬಹುದು, ದುಷ್ಕರ್ಮಿಗಳಿಗೆ ಒಳದಾರಿಯೂ ಸಿಗಬಹುದು. 2022ರ ಲಿನಕ್ಸ್ ಪ್ಲಂಬರ್ಸ್ ಸಮ್ಮೇಳನದಲ್ಲಿ ಲಾರೆಂಟ್ ಪಿಂಚಾರ್ಟ್ ಈ ಅಪಾಯವನ್ನೇ ಮುಂದಿಟ್ಟರು.

ಸಾಧನ ಹೋಗುವ ಗಳಿಗೆ ಬೇರೆ, ಅದರ ಕೊನೆಯ ಬಳಕೆದಾರ ಕೈಬಿಡುವ ಗಳಿಗೆ ಬೇರೆ ಎಂಬುದನ್ನು ನೀವು ಗಮನಿಸಬೇಕು. ಇಂಟರಪ್ಟ್‌ನಂತಹವನ್ನು ಮೊದಲನೆಯ ಗಳಿಗೆಯಲ್ಲೇ ಬಿಡಬೇಕು. ಬಳಕೆದಾರರೊಡನೆ ಹಂಚಿಕೊಂಡ ಸ್ಮೃತಿ ಮಾತ್ರ ಎಣಿಕೆ ಸೊನ್ನೆಯಾಗುವವರೆಗೆ ಉಳಿಯಬೇಕು. ಡೆವ್‌ರೆಸ್ ಮೊದಲನೆಯದಕ್ಕೆ ತಕ್ಕ ಉಪಾಯ, ಎಣಿಕೆ ಎರಡನೆಯದಕ್ಕೆ. ಯಾವುದು ಎಲ್ಲಿ ಸಲ್ಲುತ್ತದೆಂದು ನಿರ್ಧರಿಸುವ ಹೊಣೆ ಇಂದಿಗೂ ಡ್ರೈವರ್ ಬರೆಯುವವರದೇ. 2022ರ ಡಿಸೆಂಬರ್‌ನಲ್ಲಿ ಬಂದ ಲಿನಕ್ಸ್ 6.1ರಿಂದ ಕರ್ನೆಲ್‌ಗೆ ಪ್ರವೇಶ ಪಡೆದ ರಸ್ಟ್ ಭಾಷೆಯಲ್ಲಿ, ಯಾವ ವಸ್ತುವಿಗೆ ಯಾರು ಒಡೆಯರು ಎಂಬುದನ್ನು ಕಂಪೈಲರೇ ಪರಿಶೀಲಿಸುತ್ತದೆ.

ಪ್ರೋಗ್ರಾಂ ರಚನೆಯನ್ನು ಕಲಿಸುವ ಅಧ್ಯಾಪಕರು ಇದನ್ನು ತರಗತಿಯಲ್ಲೇ ಆರಂಭಿಸಬಹುದು. ವಿದ್ಯಾರ್ಥಿ ತನ್ನ ಪ್ರೋಗ್ರಾಂ ಸರಿಯಾಗಿ ನಡೆಯಿತೆಂದು ತೋರಿಸಿದಾಗ ಎರಡು ಪ್ರಶ್ನೆ ಕೇಳಿ: ನಡುವಿನ ಹೆಜ್ಜೆ ತಪ್ಪಿದರೆ ಏನೇನನ್ನು ಹಿಂದಿರುಗಿಸುತ್ತೀಯೆ? ಆಗ ಅದನ್ನು ಇನ್ನಾರಾದರೂ ಬಳಸುತ್ತಿರಬಹುದೆ?