ಎರಡನೇ ಸೀಟಿನ ಕಥೆ

ಬೀರ್-ಬಿಲ್ಲಿಂಗ್‌ಗೆ ಹೋದವರೆಲ್ಲ ಹಾರಿದ ವಿಡಿಯೋ ತರ್ತಾರೆ. ನಾನೂ ತಂದೆ. ಆದ್ರೆ ಅದರ ಮೊದಲ ಹತ್ತು ಸೆಕೆಂಡು ಯಾರಿಗೂ ತೋರ್ಸಲ್ಲ. ಸುಮಾರು 2400 ಮೀಟರ್ ಎತ್ತರದ ಇಳಿಜಾರಲ್ಲಿ ಹಿಂದಿನಿಂದ ಪೈಲಟ್ "ಭಾಗೋ, ಬೈಠನಾ ಮತ್" ಅಂತ ಕೂಗ್ತಿದ್ರೆ, ನಾನು ಮೂರೇ ಹೆಜ್ಜೆಗೆ ಕೂತುಬಿಟ್ಟೆ. ಇಬ್ಬರೂ ಹುಲ್ಲಿನ ಮೇಲೆ ಬಿದ್ವಿ. ತಪ್ಪು ನನ್ನದು, ಮಂಡಿ ತರಚಿದ್ದು ಅವರದ್ದು. ಎರಡನೇ ಸಲ ಓಡಿದೆ, ಹಾರಿದ್ವಿ.

ಬೆಂಗಳೂರಿಗೆ ಬಂದ್ಮೇಲೂ ಒಂದು ಪ್ರಶ್ನೆ ಕೊರೀತಿತ್ತು: ದುಡ್ಡು ಕೊಟ್ಟು ಕೂರೋಕೆ ಹೋದವನನ್ನ ಯಾಕೆ ಓಡಿಸ್ತಾರೆ?

1978ರ ಜೂನ್. ಫ್ರಾನ್ಸಿನ ಆಲ್ಪ್ಸ್ ಸೀಮೆಯ ಮಿಯೂಸಿ ಅನ್ನೋ ಹಳ್ಳಿ. ಜ್ಯಾಂ-ಕ್ಲೋದ್ ಬೆತಾಂ, ಆಂದ್ರೆ ಬೊನ್, ಜೆರಾರ್ ಬೊಸೊಂ, ಮೂವರೂ ಪ್ಯಾರಾಚೂಟ್ ಹುಚ್ಚಿನವರು. ಪ್ರತಿ ಸಲ ವಿಮಾನಕ್ಕೆ ದುಡ್ಡು ಸುರಿಯೋ ಬದಲು ಗುಡ್ಡದಿಂದಲೇ ಓಡಿ ಹಾರಿದರು. ಪ್ಯಾರಾಗ್ಲೈಡಿಂಗ್ ಕ್ರೀಡೆಯಾಗಿ ಬೆಳೆದದ್ದು ಅಲ್ಲಿಂದ.

ಆದರೆ ಒಂಟಿ ರೆಕ್ಕೆಯಲ್ಲಿ ಕಲಿಯೋದು ಕಷ್ಟ. ಗುರು ನೆಲದ ಮೇಲೆ, ಶಿಷ್ಯ ಗಾಳಿಯಲ್ಲಿ. ತಪ್ಪಾದರೆ ಕೂಗಬಹುದು, ಕೈ ಹಾಕೋಕಾಗಲ್ಲ. ಡ್ರೈವಿಂಗ್ ಸ್ಕೂಲಿನ ಕಾರಲ್ಲಿ ಪಕ್ಕದ ಸೀಟಿಗೂ ಬ್ರೇಕ್ ಇರುತ್ತಲ್ಲ, ಅಂಥದ್ದೊಂದು ಬೇಕಿತ್ತು. ಆ ಕೊರತೆ ತುಂಬಿದ್ದು ಟ್ಯಾಂಡಮ್. ಸುಮಾರು 40 ಚದರ ಮೀಟರಿನ ದೊಡ್ಡ ರೆಕ್ಕೆ. ಶಿಷ್ಯ ಮುಂದೆ, ಗುರು ಹಿಂದೆ, ಇಬ್ಬರನ್ನೂ ರೆಕ್ಕೆಗೆ ಜೋಡಿಸೋಕೆ ಎರಡೂ ಬದಿಗೆ ಸ್ಪ್ರೆಡರ್ ಬಾರ್. ಹಿಂದೆ ಇರೋದ್ರಿಂದ ಶಿಷ್ಯನ ಕೈಕಾಲು ಗುರುವಿನ ಕಣ್ಣೆದುರೇ ಇರುತ್ತೆ. ಎತ್ತರಕ್ಕೆ ಹೋದ್ಮೇಲೆ ಬ್ರೇಕ್ ಹಗ್ಗ ಅವನ ಕೈಗೆ ಕೊಟ್ಟು, ಎಡವಟ್ಟಾದರೆ ತಕ್ಷಣ ವಾಪಸ್ ತಗೋಬಹುದು.

ಅಮೆರಿಕದಲ್ಲಂತೂ ಇದು ಕಾನೂನಿಗೇ ಅಂಟಿಕೊಂಡಿದೆ. 1982ರ 'ಪಾರ್ಟ್ 103' ನಿಯಮದ ಪ್ರಕಾರ ಇಂಥ ಹಗುರ ವಾಹನದಲ್ಲಿ ಒಬ್ಬರೇ ಹಾರಬೇಕು. ಇಬ್ಬರು ಹಾರೋಕೆ ವಿನಾಯಿತಿ ಬೇಕು; ಹಾರಾಟಗಾರರ ಸಂಘಕ್ಕೆ ಅದು ಸಿಕ್ಕಿದ್ದು ತರಬೇತಿಯ ಹೆಸರಲ್ಲಿ. ಅಂದ್ರೆ ಮುಂದಿನ ಸೀಟಲ್ಲಿ ಕೂತವರು ಕಾಗದದ ಮೇಲೆ ಪ್ಯಾಸೆಂಜರ್ ಅಲ್ಲ, ವಿದ್ಯಾರ್ಥಿ.

ಇದನ್ನ ಓದಿ ಮೊದಲು ನಕ್ಕೆ. ಆಮೇಲೆ ಆ ಹತ್ತು ಸೆಕೆಂಡು ಮತ್ತೆ ನೋಡಿದೆ. ರೆಕ್ಕೆ ಎತ್ತೋಕೆ ವೇಗ ಬೇಕು. ಆ ವೇಗ ಕೊಡೋಕೆ ಅಲ್ಲಿರೋದು ನಮ್ಮ ನಾಲ್ಕು ಕಾಲು ಮಾತ್ರ. ನಾವು ಕ್ಯಾಬ್ ಥರ ಬುಕ್ ಮಾಡ್ತೀವಿ. ಪೈಲಟ್ ಮಾತ್ರ ದಿನಾ ಗುರುತಿಲ್ಲದವರ ಕಾಲು ನಂಬಿ ಗುಡ್ಡದಿಂದ ಓಡ್ತಾರೆ.

ಹಾರೋಕೆ ಮುಂಚೆ ಅವರು ಎರಡು ನಿಮಿಷ ಪಾಠ ಹೇಳಿದ್ರು. ನಾನಾಗ ಸೆಲ್ಫಿ ತಗೊಳ್ತಿದ್ದೆ.